‘ಎಲ್ಲಾ ಹೊಸದೇ ಹಾಕಿದ್ದೀನಿ’

“ನಾನು ಮಾಡಿದ ಬ್ರೇಕ್ ಹಿಡೀಲಿಲ್ಲ ಮೇಡಂ.”

ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದ ಮೊದಲ ದಿನ ಮನು ಆಡಿದ ಮೊದಲ ಪೂರ್ತಿ ಮಾತು ಇದು. ಅಲ್ಲಿಯವರೆಗೆ ಇಪ್ಪತ್ತು ನಿಮಿಷ ಬರೀ ಹೂಂ, ಇಲ್ಲ, ಗೊತ್ತಿಲ್ಲ. ಕೂತಲ್ಲೇ ಅಂಗೈ ಉಜ್ಜಿಕೊಳ್ಳುತ್ತಿದ್ದ, ಗ್ರೀಸ್ ಹತ್ತಿದ ಕೈಯನ್ನು ಉಜ್ಜುವ ಹಾಗೆ. ಕೈ ಸ್ವಚ್ಛವಾಗಿಯೇ ಇತ್ತು. ಎರಡು ತಿಂಗಳಿಂದ ಅವನು ಸ್ಪ್ಯಾನರ್ ಮುಟ್ಟಿರಲಿಲ್ಲ.

ಮನು ಅವನ ನಿಜವಾದ ಹೆಸರಲ್ಲ. ಊರು, ಮನೆಯವರ ವಿವರ ಕೆಲವನ್ನು ಬದಲಿಸಿದ್ದೇನೆ, ಕಾಲೇಜಿನ ಹೆಸರು ಬಿಟ್ಟಿದ್ದೇನೆ. ಬರೆದದ್ದನ್ನು ಅವನಿಗೆ ಓದಲು ಕೊಟ್ಟು, ಅವನು ಸರಿ ಅಂದ ಮೇಲೆಯೇ ಇಲ್ಲಿ ಹೇಳುತ್ತಿದ್ದೇನೆ. ಗಾಡಿಯ ವಿಷಯದಲ್ಲಿ ನಾನು ತಪ್ಪು ಬರೆದಿದ್ದ ಎರಡು ಕಡೆ ಅವನೇ ತಿದ್ದಿಕೊಟ್ಟ.

ಫೋನ್ ಮಾಡಿದ್ದು ಅವನ ಚಿಕ್ಕಮ್ಮ, ಮಾರ್ಚ್ ತಿಂಗಳಲ್ಲಿ. ಅಪ್ಪ ಅಮ್ಮ ಹಳ್ಳಿಯಲ್ಲಿದ್ದಾರೆ. ಆಲೂಗಡ್ಡೆ, ಜೋಳ ಬೆಳೆಯುವ ಮನೆ. ಮನು ಹಾಸನದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಮೆಕ್ಯಾನಿಕಲ್ ಮೂರನೇ ವರ್ಷ ಓದುತ್ತಿದ್ದ. “ಊಟಕ್ಕೆ ಕರೆದ್ರೆ ಬರ್ತಾನೆ, ತಟ್ಟೆ ನೋಡ್ಕೊಂಡು ಕೂರ್ತಾನೆ, ಎದ್ದು ಹೋಗ್ತಾನೆ. ರಾತ್ರಿ ಎರಡು ಗಂಟೆಗೂ ರೂಮಲ್ಲಿ ಲೈಟ್ ಉರೀತಿರುತ್ತೆ. ಕಾಲೇಜಿಗೆ ಹೋಗ್ತೀನಿ ಅಂತ ಹೋಗಿ ಮಹಾರಾಜ ಪಾರ್ಕಲ್ಲಿ ಕೂತಿರ್ತಾನಂತೆ,” ಅಂದರು. ಕಾರಣ ಅವರಿಗೆ ಗೊತ್ತಿತ್ತು. “ಅದೇನೋ ಗಾಡಿ ಕಾಂಪಿಟಿಷನ್ ಅಂತ ಇಂದೋರ್‌ಗೆ ಹೋಗಿದ್ರು. ಸೋತು ಬಂದ್ರು. ಆವತ್ತಿಂದ ಹೀಗೆ.”

ಆ ಗಾಡಿ ಸ್ಪರ್ಧೆಯ ಬಗ್ಗೆ ಸ್ವಲ್ಪ ಹೇಳಬೇಕು. ಅದು ತಿಳಿಯದೆ ಹುಡುಗನ ಸಂಕಟ ತಿಳಿಯುವುದಿಲ್ಲ.

ಹೆಸರು ಬಾಜಾ ಎಸ್‌ಎಇ ಇಂಡಿಯಾ. ಹುಡುಗರು ಬಾಹಾ ಅಂತಾರೆ. ಅಮೆರಿಕದಲ್ಲಿ 1976ರಲ್ಲಿ ಶುರುವಾದ ಸ್ಪರ್ಧೆ, ನಮ್ಮ ದೇಶಕ್ಕೆ 2007ರಲ್ಲಿ ಬಂತು. ಒಬ್ಬರು ಕೂರುವ, ಗುಂಡಿ ಗೊಟರು ಹತ್ತಿ ಇಳಿಯುವ ಗಾಡಿಯನ್ನು ವಿದ್ಯಾರ್ಥಿಗಳೇ ಡಿಸೈನ್ ಮಾಡಿ, ಪೈಪು ಬಗ್ಗಿಸಿ, ವೆಲ್ಡ್ ಮಾಡಿ ಕಟ್ಟಬೇಕು. ಇಂದೋರ್ ಹತ್ತಿರದ ಪೀಥಂಪುರಕ್ಕೆ ಒಯ್ದು ಓಡಿಸಬೇಕು. ಕೊನೆಯಲ್ಲಿ ನಾಲ್ಕು ಗಂಟೆಯ ಎಂಡ್ಯೂರೆನ್ಸ್ ರೇಸ್ ಇರುತ್ತದೆ. ಇಡೀ ವರ್ಷದ ಕನಸು ಅದು. ಆದರೆ ಟ್ರ್ಯಾಕಿಗೆ ಇಳಿಯುವ ಮುಂಚೆ ಟೆಕ್ನಿಕಲ್ ಇನ್‌ಸ್ಪೆಕ್ಷನ್ ದಾಟಬೇಕು, ಆಮೇಲೆ ಬ್ರೇಕ್ ಟೆಸ್ಟ್. ಗಾಡಿ ವೇಗವಾಗಿ ಬಂದು ಬ್ರೇಕ್ ಒತ್ತಿದಾಗ ನಾಲ್ಕೂ ಚಕ್ರ ಒಟ್ಟಿಗೆ ಲಾಕ್ ಆಗಿ ನಿಲ್ಲಬೇಕು. ಮೂರು ನಿಂತು ಒಂದು ಉರುಳಿದರೂ ಫೇಲ್. ಬ್ರೇಕ್ ಪಾಸಾಗದ ಗಾಡಿ ರೇಸ್ ಓಡುವ ಹಾಗಿಲ್ಲ. ಇದು ಕಟುವಾದ ನಿಯಮ ಅಲ್ಲ, ಒಳಗೆ ಕೂತವರ ಜೀವದ ಪ್ರಶ್ನೆ.

ಮನು ತಂಡದ ಬ್ರೇಕ್ ಲೀಡ್. ಇಪ್ಪತ್ತೈದು ಜನರ ತಂಡ. ತಲೆಗೆ ಹದಿನೈದು ಸಾವಿರ ಹಾಕಿದ್ದರು. ಮನುವಿನ ಪಾಲು ಅಪ್ಪ ಆಲೂಗಡ್ಡೆ ಮಾರಿದ ದುಡ್ಡು. ಟ್ರ್ಯಾಕಿನಲ್ಲಿ ಪೆಡಲ್ ಒತ್ತಿದಾಗ ಹಿಂದಿನ ಚಕ್ರಗಳು ನಿಂತವು, ಮುಂದಿನವು ಉರುಳುತ್ತಲೇ ಇದ್ದವು. ಮತ್ತೆ ಸರಿ ಮಾಡಿದರು, ಮತ್ತೆ ಅದೇ. ಆಯಿಲ್ ಬ್ಲೀಡ್ ಮಾಡಿ ಒಳಗಿನ ಗಾಳಿ ತೆಗೆದರು, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಬದಲಿಸಿದರು. ಹೊತ್ತು ಮುಗಿಯಿತು. ಕೊನೆಯ ದಿನ ಬೇರೆ ಕಾಲೇಜಿನ ಗಾಡಿಗಳು ಧೂಳೆಬ್ಬಿಸಿಕೊಂಡು ನಾಲ್ಕು ಗಂಟೆ ಓಡಿದವು. ಹಾಸನದ ಹುಡುಗರು ಬೇಲಿಯ ಆಚೆ ನಿಂತು ನೋಡಿದರು.

ಮೊದಲ ಭೇಟಿಯಲ್ಲಿ ನಾನು ಇದರ ಬಗ್ಗೆ ಜಾಸ್ತಿ ಕೇಳಲಿಲ್ಲ. ನಿದ್ದೆ, ಊಟ, ತೂಕ ಕೇಳಿದೆ. ಆಮೇಲೆ ನೇರವಾಗಿ ಕೇಳಿದೆ: “ಸಾಯಬೇಕು ಅಂತ ಯಾವಾಗಲಾದರೂ ಅನ್ನಿಸಿದೆಯಾ?” ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅಂತ ಹೆತ್ತವರು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳುವವರು ಸಿಕ್ಕರಲ್ಲ ಅಂತ ಎದೆ ಹಗುರಾಗುವುದೇ ಹೆಚ್ಚು. ಮನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾಯಬೇಕು ಅಂತಲ್ಲ. ನಾನು ಇಲ್ಲದೇ ಇದ್ದಿದ್ರೆ ಚೆನ್ನಾಗಿತ್ತು ಅನ್ಸುತ್ತೆ,” ಅಂದ. ಎರಡೂ ಬೇರೆ ಅಂತ ತಳ್ಳಿಹಾಕುವ ಮಾತಲ್ಲ ಇದು. ಹೇಗೆ, ಯಾವಾಗ ಅಂತ ಏನಾದರೂ ಯೋಚಿಸಿದ್ದೀಯಾ ಅಂತ ಕೇಳಿದೆ. ಇರಲಿಲ್ಲ. ಅವನನ್ನು ಕೇಳಿ, ಅವನ ಎದುರಿಗೇ ಚಿಕ್ಕಮ್ಮನಿಗೆ ವಿಷಯ ಹೇಳಿದೆ. ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಇಬ್ಬರ ಫೋನಿನಲ್ಲೂ ಹಾಕಿಸಿದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸೇವೆ ಇದು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾತಾಡಬಹುದು, ಕನ್ನಡದಲ್ಲೇ. ಅದೇ ವಾರ ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನ ಮನೋವೈದ್ಯರಿಗೂ ತೋರಿಸಲು ಕಳಿಸಿದೆ. ಅವರು ನೋಡಿ, ಸದ್ಯಕ್ಕೆ ಮಾತ್ರೆ ಬೇಡ, ಆಪ್ತಸಲಹೆ ಮುಂದುವರಿಯಲಿ, ಮೂರು ವಾರ ಬಿಟ್ಟು ಮತ್ತೆ ಬರಲಿ ಅಂದರು.

ಎರಡನೇ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಮನೆಯಲ್ಲಿ ನಾವೆಲ್ಲ ಅದನ್ನೇ ಮಾಡುತ್ತೇವೆ. “ಇಪ್ಪತ್ತೈದು ಜನ ಸೇರಿ ಕಟ್ಟಿದ ಗಾಡಿ ಅದು. ನಿನ್ನೊಬ್ಬನ ತಪ್ಪು ಹೇಗಾಗುತ್ತೆ?” ಅಂದುಬಿಟ್ಟೆ. ಮನು ತಲೆ ಆಡಿಸಿದ. ಆಮೇಲೆ ಆ ದಿನ ಮಾತೇ ಇಲ್ಲ.

ಅವನಿಗೆ ಎಲ್ಲರೂ ಅದನ್ನೇ ಹೇಳಿದ್ದರು. ಕ್ಯಾಪ್ಟನ್, “ಬಿಡು ಮಗಾ, ಯಾರ ತಪ್ಪೂ ಅಲ್ಲ” ಅಂದಿದ್ದ. ಚಿಕ್ಕಮ್ಮ, “ಗ್ರಹಚಾರ ಕಣೋ” ಅಂದಿದ್ದರು. ಅಪ್ಪ, “ದುಡ್ಡು ಹೋದ್ರೆ ಹೋಯ್ತು, ಇನ್ನೊಂದು ಬೆಳೆ ಬರುತ್ತೆ” ಅಂದಿದ್ದರು. ಇಷ್ಟು ಒಳ್ಳೆಯ ಜನ ಸುತ್ತ ಇದ್ದೂ ಹುಡುಗ ಯಾಕೆ ಕುಗ್ಗುತ್ತಲೇ ಇದ್ದಾನೆ ಅನ್ನುವುದು ನನಗೆ ಅರ್ಥವಾಗಿರಲಿಲ್ಲ.

ಮೂರನೇ ಸಲ ಬಂದಾಗ ಅವನಿಗೆ ಒಂದು ಕತೆ ಹೇಳಿದೆ. ಅವನು ಓಡಾಡುವ ಸಾಲಗಾಮೆ ರಸ್ತೆಯಲ್ಲೇ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ದೊಡ್ಡ ದೊಡ್ಡ ಡಿಶ್ ಆಂಟೆನಾಗಳು. ಹಾಸನದವರಿಗೆ ಅವು ದಿನ ನೋಡಿ ನೋಡಿ ಕಣ್ಣಿಗೆ ಬೀಳುವುದೇ ಇಲ್ಲ. ಅದು ಶುರುವಾದದ್ದು 1982ರಲ್ಲಿ, ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಳ್ಳಲು. ಮೊದಲನೆಯದು ಇನ್ಸಾಟ್-1ಎ. ಏಪ್ರಿಲ್ 10ಕ್ಕೆ ಮೇಲೆ ಹೋಯಿತು. ಏಳು ವರ್ಷ ಕೆಲಸ ಮಾಡಬೇಕಿತ್ತು. ಒಂದಾದ ಮೇಲೊಂದು ತೊಂದರೆ ಬಂದು, ಅದನ್ನು ಸರಿಯಾದ ದಿಕ್ಕಿನಲ್ಲಿ ನಿಲ್ಲಿಸುವ ಇಂಧನವೇ ಖಾಲಿಯಾಗಿ, ಸೆಪ್ಟೆಂಬರ್‌ನಲ್ಲಿ ಕೈಬಿಡಬೇಕಾಯಿತು. ಐದು ತಿಂಗಳೂ ತುಂಬಲಿಲ್ಲ. ಮಾರನೇ ವರ್ಷ ಆಗಸ್ಟ್‌ನಲ್ಲಿ ಇನ್ಸಾಟ್-1ಬಿ ಹೋಯಿತು. ಅದರ ಸೋಲಾರ್ ಪ್ಯಾನೆಲ್ ಬಿಚ್ಚಿಕೊಳ್ಳದೆ ಸಿಕ್ಕಿಕೊಂಡಿತು. ಎರಡನೆಯದೂ ಹೋಯಿತು ಅನ್ನುವಾಗ, ವಾರಗಟ್ಟಲೆ ಪ್ರಯತ್ನಪಟ್ಟು ಬಿಚ್ಚಿಸಿದರು. ಅದು ವರ್ಷಗಟ್ಟಲೆ ಕೆಲಸ ಮಾಡಿತು.

ಹುಡುಗನಿಗೆ ಧೈರ್ಯ ಬರಲಿ ಅಂತ ಹೇಳಿದ ಕತೆ. ಅವನು ಪೂರ್ತಿ ಕೇಳಿದ. ಆಮೇಲೆ ನೆಲ ನೋಡುತ್ತ ಹೇಳಿದ:

“ಅವರು ಯಾರೂ ಸುಳ್ಳು ಹೇಳಿರ್ಲಿಲ್ಲ ಅಲ್ವಾ ಮೇಡಂ.”

ನಾನು ಸುಮ್ಮನೆ ಕಾದೆ. ಆವತ್ತು ಎಲ್ಲ ಹೊರಗೆ ಬಂತು.

ಬ್ರೇಕ್ ಆಯಿಲ್ ಹೋಗುವ ಹೋಸ್, ಚಕ್ರವನ್ನು ಹಿಡಿದು ನಿಲ್ಲಿಸುವ ಕ್ಯಾಲಿಪರ್‌ಗೆ ಸೇರುವ ಜಾಗದಲ್ಲಿ ಒಂದು ಬೋಲ್ಟ್ ಇರುತ್ತದೆ. ಅದರ ಎರಡೂ ಬದಿಗೆ ತಾಮ್ರದ ತೆಳು ವಾಷರ್. ಬೋಲ್ಟ್ ಬಿಗಿ ಮಾಡಿದಾಗ ಮೆತ್ತಗಿನ ತಾಮ್ರ ಅಮುಕಿಕೊಂಡು ಸಂದು ಮುಚ್ಚುತ್ತದೆ. ಒಂದು ಸಲ ಅಮುಕಿದ ವಾಷರ್ ಗಟ್ಟಿಯಾಗಿರುತ್ತದೆ, ಮತ್ತೊಮ್ಮೆ ಹಾಕಿದರೆ ಸರಿಯಾಗಿ ಕೂರುತ್ತದೆ ಅಂತ ನಂಬುವ ಹಾಗಿಲ್ಲ. ಬಿಚ್ಚಿದಾಗಲೆಲ್ಲ ಹೊಸದು ಹಾಕಬೇಕು. ಹೊರಡುವ ಹಿಂದಿನ ರಾತ್ರಿ ಮನು ಮುಂದಿನ ಎಡ ಚಕ್ರದ ಕ್ಯಾಲಿಪರ್ ಬಿಚ್ಚಿ ಜೋಡಿಸಿದ್ದ. ಹೊಸ ವಾಷರ್ ಒಂದು ಕಡಿಮೆ ಬಿತ್ತು. ರಾತ್ರಿ ಹನ್ನೊಂದೂವರೆ. ಅಂಗಡಿ ಮುಚ್ಚಿತ್ತು. ಬೆಳಿಗ್ಗೆ ಐದಕ್ಕೆ ಲಾರಿ. ಹಳೆಯದನ್ನೇ ಒರೆಸಿ ಹಾಕಿದ. ಹತ್ತಿಪ್ಪತ್ತು ರೂಪಾಯಿಯ ಸಾಮಾನು.

ಪೀಥಂಪುರದಲ್ಲಿ ಗಾಡಿ ಇಳಿಸಿದ ದಿನ ಸಂಜೆ ನೋಡಿದರೆ ಆಯಿಲ್ ಡಬ್ಬಿಯಲ್ಲಿ ಮಟ್ಟ ಕೂದಲೆಳೆಯಷ್ಟು ಇಳಿದಿತ್ತು. ಯಾರಿಗೂ ಹೇಳದೆ ತುಂಬಿಸಿದ. ಮರುದಿನ ಟೆಸ್ಟ್‌ನಲ್ಲಿ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಯಿತು. ಆಯಿಲ್‌ನಲ್ಲಿ ಗಾಳಿ ಸೇರಿದರೆ ಹೀಗಾಗುತ್ತದೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಕಾಲಿನ ಬಲ ಚಕ್ರದವರೆಗೆ ಹೋಗುವುದೇ ಇಲ್ಲ. ಕ್ಯಾಪ್ಟನ್ ಕೇಳಿದ: “ವಾಷರ್ ಎಲ್ಲಾ ಹೊಸದೇ ಅಲ್ವಾ?”

“ಎಲ್ಲಾ ಹೊಸದೇ ಹಾಕಿದ್ದೀನಿ,” ಅಂದ ಮನು.

ಹಾಗಾಗಿ ತಂಡ ಆ ಜಾಗ ಬಿಟ್ಟು ಬೇರೆ ಎಲ್ಲ ಹುಡುಕಿತು. ಇಡೀ ದಿನ ಮಾಸ್ಟರ್ ಸಿಲಿಂಡರ್ ಹಿಂದೆ ಹೋಯಿತು. ಎಲ್ಲ ಮುಗಿದ ಮೇಲೆ ರಾತ್ರಿ ಮನು ಒಬ್ಬನೇ ಹೋಗಿ ಆ ಬೋಲ್ಟ್ ಮುಟ್ಟಿ ನೋಡಿದ. ಬೆರಳು ಒದ್ದೆಯಾಯಿತು.

“ಎಲ್ಲರೂ ನಿನ್ನ ತಪ್ಪಲ್ಲ ಅಂತಾರೆ. ಅವರು ಸಮಾಧಾನ ಹೇಳಿದಾಗಲೆಲ್ಲ ಕಳ್ಳತನ ಮಾಡಿದ ಹಾಗಾಗುತ್ತೆ,” ಅಂದ. ಅತ್ತ. ಜೋರಾಗಿ ಅಲ್ಲ, ಉಸಿರು ಸಿಕ್ಕಿಕೊಂಡ ಹಾಗೆ.

ನಾನು ಹೇಳಿದ್ದು ಇಷ್ಟೇ: “ಹೌದು ಮನು. ಅದು ನಿನ್ನ ತಪ್ಪು.”

ಓದುವವರಿಗೆ ಇದು ಕಠಿಣ ಅನ್ನಿಸಬಹುದು. ಆದರೆ ಅವನು ಮೊದಲ ಸಲ ನನ್ನ ಮುಖ ನೋಡಿದ್ದು ಆಗಲೇ. ಎರಡು ತಿಂಗಳಿಂದ ಅವನಿಗೆ ಗೊತ್ತಿದ್ದ ನಿಜವನ್ನು ಇನ್ನೊಬ್ಬರು ಒಪ್ಪಿಕೊಂಡದ್ದೂ ಅದೇ ಮೊದಲು. ಆಮೇಲೆ ನಾನು ಕೇಳಿದೆ: “ಈಗ ಹೇಳು, ಎಷ್ಟು ದೊಡ್ಡ ತಪ್ಪು?”

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನನಗೂ ಅದನ್ನು ಹೇಗೆ ಅಳೆಯಬೇಕು ಅಂತ ಗೊತ್ತಿರಲಿಲ್ಲ. ಅಳೆಯುವ ದಾರಿ ಅವನ ಹತ್ತಿರವೇ ಇತ್ತು. “ನಿಮ್ಮ ಓದಿನಲ್ಲಿ ಯಾವುದಾದರೂ ಪಾರ್ಟ್ ಕೆಟ್ಟರೆ ಏನು ಮಾಡ್ತೀರಿ?” ಅಂತ ಕೇಳಿದಾಗ, “ಡಿಎಫ್‌ಎಂಇಎ ಮಾಡ್ತೀವಿ,” ಅಂದ. ಮುಂದಿನ ವಾರ ಆ ಶೀಟ್ ತಾ, ನನಗೆ ಪಾಠ ಮಾಡು ಅಂದೆ.

ನಾಲ್ಕನೇ ಭೇಟಿ ಇಡೀ ಅವನು ಮೇಷ್ಟ್ರು, ನಾನು ವಿದ್ಯಾರ್ಥಿ. ಗಾಡಿ ಕಟ್ಟುವ ಮುಂಚೆಯೇ ಏನೇನು ಕೆಡಬಹುದು ಅಂತ ಯೋಚಿಸಿ ಬರೆಯುವ ಪಟ್ಟಿ ಈ ಡಿಎಫ್‌ಎಂಇಎ. ಏನು ಕೆಡುತ್ತದೆ, ಅದರಿಂದ ಏನಾಗುತ್ತದೆ, ಯಾಕೆ ಕೆಡುತ್ತದೆ. ಪ್ರತಿಯೊಂದಕ್ಕೂ ಹತ್ತರೊಳಗೆ ಮೂರು ಅಂಕ ಕೊಡಬೇಕು: ಕೆಟ್ಟರೆ ಎಷ್ಟು ಅಪಾಯ, ಎಷ್ಟು ಸಲ ಕೆಡಬಹುದು, ಕೆಟ್ಟದ್ದು ಮೊದಲೇ ಗೊತ್ತಾಗುವುದು ಎಷ್ಟು ಕಷ್ಟ. ಮೂರನ್ನೂ ಗುಣಿಸಬೇಕು. ಗುಣಲಬ್ಧ ದೊಡ್ಡದಾದರೆ ಅದಕ್ಕೆ ಮೊದಲು ಪರಿಹಾರ ಹುಡುಕಬೇಕು. ಕೊನೆಯ ಕಾಲಂನಲ್ಲಿ ಪರಿಹಾರ ಏನು, ಯಾರ ಜವಾಬ್ದಾರಿ ಅಂತ ಬರೆಯಬೇಕು.

ಅವನ ಶೀಟಿನಲ್ಲೇ ‘ಬ್ರೇಕ್ ಆಯಿಲ್ ಸೋರಿಕೆ’ ಅಂತ ಒಂದು ಸಾಲಿತ್ತು. ತಿಂಗಳುಗಳ ಹಿಂದೆ ಅವನೇ ಬರೆದದ್ದು. ಅಪಾಯ 9, ಆಗುವ ಸಂಭವ 2, ಗೊತ್ತಾಗದಿರುವುದು 3. ಗುಣಿಸಿದರೆ 54. ಇವತ್ತು ಎಷ್ಟು ಕೊಡ್ತೀಯಾ ಅಂತ ಕೇಳಿದೆ. ಅಪಾಯ 9 ಹಾಗೇ ಇಟ್ಟ. ಹಳೆ ವಾಷರ್ ಹಾಕಿದ್ದಕ್ಕೆ ಸಂಭವ 4 ಮಾಡಿದ. ಮೂರನೆಯದರ ಹತ್ತಿರ ಪೆನ್ನು ನಿಂತಿತು.

“ಸೋರಿಕೆ ಕಾಣ್ತಿರ್ಲಿಲ್ಲ ಅಂತಲ್ಲ ಮೇಡಂ. ಮಟ್ಟ ಇಳಿದಿದ್ದು ಕಂಡಿತ್ತು. ನಾನು ಮುಚ್ಚಿಟ್ಟೆ.” 3 ಹೊಡೆದು 9 ಬರೆದ. 324. ತುಂಬ ಹೊತ್ತು ಆ ಅಂಕಿಯನ್ನೇ ನೋಡಿದ. “ವಾಷರ್‌ನಿಂದ ಎರಡರಷ್ಟು ಜಾಸ್ತಿಯಾಯ್ತು. ಹೇಳದೇ ಇದ್ದಿದ್ದರಿಂದ ಮೂರರಷ್ಟು,” ಅಂದ.

ಆಮೇಲೆ ನಾನು ಅವನ ಕೈಯಿಂದ ಪೆನ್ನು ತೆಗೆದುಕೊಂಡು ಕೆಳಗೆ ಇನ್ನೊಂದು ಸಾಲು ಬರೆದೆ. ಎರಡು ತಿಂಗಳಿಂದ ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಮಾತು: ‘ನಾನು ಯಾವುದಕ್ಕೂ ಪ್ರಯೋಜನಕ್ಕೆ ಬಾರದವನು.’ ಇದನ್ನು ತುಂಬು ಅಂದೆ. ಕಾರಣ ಏನು, ಹೇಗೆ ಪತ್ತೆ ಹಚ್ಚುತ್ತೀಯಾ, ಪರಿಹಾರ ಏನು. ಅವನು ಪ್ರಾಮಾಣಿಕವಾಗಿ ಪ್ರಯತ್ನಪಟ್ಟ. ಒಂದು ಕಾಲಂ ಕೂಡ ತುಂಬಲಾಗಲಿಲ್ಲ. “ಇದು ಶೀಟಲ್ಲಿ ಬರಲ್ಲ ಮೇಡಂ. ಚೆಕ್ ಮಾಡಕ್ಕಾಗಲ್ಲ. ಆಕ್ಷನ್ ಬರೆಯಕ್ಕಾಗಲ್ಲ.”

ಈ ಪ್ರಕರಣದಲ್ಲಿ ನಾನು ಕಲಿತದ್ದು ಇದೇ. ತಪ್ಪಿಗೆ ಒಂದು ಅಳತೆ ಸಿಕ್ಕರೆ ಅದನ್ನು ಎತ್ತಿ ಪಕ್ಕಕ್ಕಿಡಬಹುದು. ಅಳತೆ ಸಿಗದ ತಪ್ಪು ಮನುಷ್ಯನ ಮೈಯೆಲ್ಲ ಆವರಿಸಿಕೊಳ್ಳುತ್ತದೆ. ‘ನಿನ್ನ ತಪ್ಪಲ್ಲ ಬಿಡು’ ಅನ್ನುವವರೂ ‘ನೀನು ದಂಡ’ ಅನ್ನುವವರೂ ಅವನಿಗೆ ಆ ಅಳತೆ ಕೊಡಲಿಲ್ಲ. ಪ್ರೀತಿಯಿಂದ ಹೇಳಿದರೂ ಅಷ್ಟೇ, ಸಿಟ್ಟಿನಿಂದ ಹೇಳಿದರೂ ಅಷ್ಟೇ.

ಇನ್ನೊಂದು ಪ್ರಶ್ನೆ ಉಳಿದಿತ್ತು. ಇಷ್ಟು ಬುದ್ಧಿವಂತ, ಶ್ರದ್ಧೆಯ ಹುಡುಗ ಆ ಸಂಜೆ ಯಾಕೆ ಬಾಯಿ ಬಿಡಲಿಲ್ಲ?

ಉತ್ತರ ತುಂಬ ಹಿಂದಿತ್ತು. ಮನು ಹತ್ತನೇ ತರಗತಿವರೆಗೆ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದವನು. ಎಂಜಿನಿಯರಿಂಗ್ ಮೊದಲ ವರ್ಷದ ಸೆಮಿನಾರ್‌ನಲ್ಲಿ ಒಂದು ಪ್ರಶ್ನೆಗೆ ಇಂಗ್ಲಿಷಿನಲ್ಲಿ ತಡವರಿಸಿದ. ತರಗತಿ ನಕ್ಕಿತು. ಆವತ್ತೇ ಅವನು ಒಂದು ತೀರ್ಮಾನ ಮಾಡಿದ್ದ: ಇನ್ನು ಮೇಲೆ ಗೊತ್ತಿಲ್ಲ ಅಂತ ಯಾರ ಎದುರೂ ಹೇಳುವುದಿಲ್ಲ. ವರ್ಕ್‌ಶಾಪಿನಲ್ಲಿ ಕೈ ಚಳಕ ಇತ್ತು. ಮಾತು ಬೇಕಿರಲಿಲ್ಲ. ಕೇಳಿದ್ದಕ್ಕೆಲ್ಲ “ಆಗುತ್ತೆ”, “ಆಗಿದೆ” ಅಂದ. ಎಲ್ಲರೂ ಅವನನ್ನು ತುಂಬ ಕಾನ್ಫಿಡೆಂಟ್ ಹುಡುಗ ಅಂದುಕೊಂಡರು. ಅವನಿಗೂ ಹಾಗೇ ಅನ್ನಿಸಿತ್ತು.

ಅದು ಆತ್ಮವಿಶ್ವಾಸ ಆಗಿರಲಿಲ್ಲ, ಅಂಜಿಕೆಯೇ ಇಸ್ತ್ರಿ ಹಾಕಿದ ಬಟ್ಟೆ ತೊಟ್ಟು ನಿಂತಿತ್ತು. ತನ್ನ ಮೇಲೆ ನಂಬಿಕೆ ಇರುವವನಿಗೆ “ನನಗೊಂದು ಡೌಟ್ ಇದೆ, ಯಾರಾದರೂ ನೋಡಿ” ಅನ್ನುವುದು ಕಷ್ಟ ಆಗುವುದಿಲ್ಲ. ಪೀಥಂಪುರದಲ್ಲಿ ಮನು ಕಳೆದುಕೊಂಡೆ ಅಂದುಕೊಂಡದ್ದು ಅವನ ಹತ್ತಿರ ಅದಕ್ಕೆ ಮುಂಚೆಯೂ ಇರಲಿಲ್ಲ. ಈಗ ಹೊಸದಾಗಿ ಕಟ್ಟಬೇಕಿತ್ತು. ಇದನ್ನು ಅವನಿಗೆ ಹೇಳಿದಾಗ ಬೇಸರ ಮಾಡಿಕೊಳ್ಳುತ್ತಾನೆ ಅಂದುಕೊಂಡಿದ್ದೆ. “ಹಂಗಾದ್ರೆ ಹಾಳಾಗಿದ್ದೇನೂ ಇಲ್ಲ,” ಅಂದ. ಮುಖದಲ್ಲಿ ಒಂಥರಾ ನಿರಾಳ ಇತ್ತು.

ನನ್ನ ಕೆಲಸದಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರ ಮಾತು ತುಂಬ ಉಪಯೋಗಕ್ಕೆ ಬರುತ್ತದೆ. ‘ಇದು ನನ್ನ ಕೈಲಿ ಆಗುತ್ತೆ’ ಅನ್ನುವ ನಂಬಿಕೆ ಎಲ್ಲಿಂದ ಬರುತ್ತದೆ ಅಂತ ಅವರು 1977ರಲ್ಲಿ ವಿವರಿಸಿದರು. ನಾಲ್ಕು ಮೂಲ ಹೇಳಿದರು: ಸ್ವತಃ ಮಾಡಿ ಗೆದ್ದದ್ದು, ನಮ್ಮಂಥವರೇ ಮಾಡಿದ್ದನ್ನು ನೋಡಿದ್ದು, ಬೇರೆಯವರು ಹೇಳಿದ ಧೈರ್ಯದ ಮಾತು, ಮತ್ತು ಆ ಹೊತ್ತಿಗೆ ನಮ್ಮ ಎದೆಬಡಿತ, ದಣಿವು ಹೇಗಿದೆ ಅನ್ನುವುದು. ಇವುಗಳಲ್ಲಿ ಬಲವಾದದ್ದು ಸ್ವತಃ ಮಾಡಿದ್ದು. ಬರೀ ಮಾತಿನಿಂದ ಬಂದ ಧೈರ್ಯ ಮೊದಲ ಪೆಟ್ಟಿಗೇ ಬಿದ್ದುಹೋಗಬಹುದು. ಸುಲಭದ ಗೆಲುವು ಮಾತ್ರ ಕಂಡವರು ಸೋತಾಗ ಬೇಗ ಕೈಚೆಲ್ಲುತ್ತಾರೆ ಅಂತಲೂ ಅವರು ಹೇಳಿದ್ದಾರೆ. ಹಾಗಾಗಿ ನಾನು ಮನುವಿಗೆ ಭಾಷಣ ಮಾಡುವುದು ನಿಲ್ಲಿಸಿ, ಕೆಲಸ ಕೊಟ್ಟೆ.

ಮೊದಲ ಕೆಲಸ ಚಿಕ್ಕಮ್ಮನ ಮನೆಯ ಬೈಕು. ಮುಂದಿನ ಡಿಸ್ಕ್ ಬ್ರೇಕಿನ ಆಯಿಲ್ ಬದಲಿಸಬೇಕು. ಒಂದು ಷರತ್ತು: ಮುಗಿದ ಮೇಲೆ ಬೀದಿ ಕೊನೆಯ ಮೆಕ್ಯಾನಿಕ್‌ಗೆ ತೋರಿಸಿ, “ಅಣ್ಣ, ಸರಿ ಇದೆಯಾ ನೋಡಿ” ಅಂತ ಬಾಯಿ ಬಿಟ್ಟು ಕೇಳಬೇಕು. ಬ್ರೇಕ್ ಬಿಚ್ಚುವಾಗ ಕೈ ನಡುಗಿತಂತೆ. ನಡುಗಲಿ, ನಡುಗುವ ಕೈಯಲ್ಲೇ ಮಾಡು ಅಂತ ಮೊದಲೇ ಹೇಳಿದ್ದೆ. ಭಯ ಹೋದ ಮೇಲೆ ಮಾಡುತ್ತೇನೆ ಅಂತ ಕಾದರೆ ಭಯ ಹೋಗುವುದಿಲ್ಲ, ಬೆಳೆಯುತ್ತದೆ. ಎರಡು ತಿಂಗಳು ವರ್ಕ್‌ಶಾಪಿನ ದಾರಿ ತಪ್ಪಿಸಿ ಓಡಾಡಿದ್ದರಿಂದ ಆಗಿದ್ದೂ ಅದೇ. ಬ್ರೇಕಿಗೆ ಕೈ ಹಾಕುವ ಕೆಲಸ, ಅದಕ್ಕೇ ಎರಡನೇ ಕಣ್ಣು ಬೇಕು ಅಂದಿದ್ದೆ. ಮೆಕ್ಯಾನಿಕ್ ನೋಡಿ ಒಂದು ಬ್ಲೀಡ್ ನಿಪ್ಪಲ್ ಅರ್ಧ ಸುತ್ತು ಬಿಗಿ ಮಾಡಿ, “ಚೆನ್ನಾಗಿ ಮಾಡಿದ್ಯಾ” ಅಂದನಂತೆ. ಅರ್ಧ ಸುತ್ತು ಕಡಿಮೆ ಇತ್ತು, ಆದರೂ ಕೆಲಸ ಚೆನ್ನಾಗಿತ್ತು. ಎರಡೂ ಒಟ್ಟಿಗೆ ನಿಜ ಆಗಬಹುದು ಅನ್ನುವುದು ಅವನಿಗೆ ಹೊಸದು.

ಎರಡನೆಯದು ವಾರಕ್ಕೆ ಮೂರು ಸಲ ವರ್ಕ್‌ಶಾಪಿನ ಬಾಗಿಲವರೆಗೆ ಹೋಗಿ ಬರುವುದು. ಮೊದಲ ವಾರ ಒಳಗೆ ಹೋಗಬೇಕಾಗಿಲ್ಲ. ಮುಂದಿನ ವಾರ ಹತ್ತು ನಿಮಿಷ ಒಳಗೆ. ಇದು ಬೇಗ ಆಯಿತು.

ಮೂರನೆಯದು ಕಷ್ಟದ್ದು. ಕ್ಯಾಪ್ಟನ್‌ಗೆ ನಿಜ ಹೇಳುವುದು. ಹೇಳಲೇಬೇಕು ಅಂತ ನಾನು ಒತ್ತಾಯ ಮಾಡಲಿಲ್ಲ. ಹೇಳದಿದ್ದರೆ ಏನಾಗುತ್ತೆ, ಹೇಳಿದರೆ ಏನೇನಾಗಬಹುದು ಅಂತ ಇಬ್ಬರೂ ಕೂತು ಬರೆದೆವು. ಅವನ ಎಣಿಕೆ: ತಂಡದಿಂದ ತೆಗೆಯುತ್ತಾರೆ, ಗ್ರೂಪಲ್ಲಿ ಹಾಕಿ ಮಾನ ಕಳೆಯುತ್ತಾರೆ. ಕೊನೆಗೆ ಅವನೇ ಹೇಳುತ್ತೇನೆ ಅಂದ. ಮೆಸೇಜ್ ಬೇಡ, ಎದುರಿಗೆ ಹೇಳು ಅಂದೆ. ಅಳಬಾರದು, ಕ್ಷಮೆಗಾಗಿ ಗೋಗರೆಯಬಾರದು, ‘ಆದರೆ’ ಅನ್ನುವ ಪದ ಬೇಡ. ಏನು ಮಾಡಿದೆ, ಏನು ಮುಚ್ಚಿಟ್ಟೆ, ಮುಂದೆ ಏನು ಮಾಡುತ್ತೇನೆ. ಮೂರೇ ಮಾತು. ನನ್ನ ಮುಂದೆ ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿದ.

ಕ್ಯಾಪ್ಟನ್ ತಬ್ಬಿಕೊಳ್ಳಲಿಲ್ಲ. ಅವನಿಗೆ ಸಿಟ್ಟು ಬಂತು. ಕೊನೆಯ ವರ್ಷದ ಹುಡುಗ, ಅವನಿಗೆ ಅದು ಕಡೆಯ ಅವಕಾಶ ಆಗಿತ್ತು. “ಆವತ್ತೇ ಒಂದು ಮಾತು ಹೇಳಿದ್ರೆ ಅರ್ಧ ಗಂಟೆ ಕೆಲಸ ಕಣೋ,” ಅಂತ ಎದ್ದುಹೋದ. ಎರಡು ವಾರ ಮಾತಾಡಿಸಲಿಲ್ಲ. ಆ ಎರಡು ವಾರ ಮನು ಪ್ರತಿ ವಾರವೂ ನನ್ನ ಹತ್ತಿರ ಬಂದ. ನನಗೂ ಒಳಗೊಳಗೇ ಆತಂಕ ಇತ್ತು. ಆದರೆ ಅವನಿಗೆ ಆ ರಾತ್ರಿಗಳಲ್ಲಿ ನಿದ್ದೆ ಬರುತ್ತಿತ್ತು. ಆ ಹುಡುಗನ ಸಿಟ್ಟು ನ್ಯಾಯವಾದದ್ದು ಅಂತ ಮನು ಒಪ್ಪಿಕೊಂಡಿದ್ದ. ಬೇರೆಯವರ ಸಿಟ್ಟನ್ನು ತಡೆದುಕೊಂಡು ನಿಲ್ಲಬಲ್ಲೆ ಅಂತ ಗೊತ್ತಾದದ್ದು ಅವನಿಗೆ ಬೈಕಿನ ಬ್ರೇಕಿಗಿಂತ ದೊಡ್ಡ ಗೆಲುವು. ಮೂರನೇ ವಾರ ಕ್ಯಾಪ್ಟನ್ನೇ ಬಂದು, ಹೊಸ ಬ್ಯಾಚಿನವರಿಗೆ ಬ್ರೇಕ್ ಕ್ಲಾಸ್ ನೀನು ತಗೋ, ಆ ವಾಷರ್ ಕತೆ ಬಿಡದೆ ಹೇಳು ಅಂದ.

ಮನುವಿನ ಅಪ್ಪ ಒಂದು ಸಲ ಬಂದಿದ್ದರು, ಏಪ್ರಿಲ್ ಕೊನೆಗೆ. ಬಿತ್ತನೆ ಆಲೂಗಡ್ಡೆ ನೋಡಲು ಎಪಿಎಂಸಿಗೆ ಬಂದವರು ಹಾಗೇ ಇತ್ತ ಬಂದರು. ಮಗನ ಮುಖ ನೋಡಿ ಅವರಿಗೂ ರಾತ್ರಿ ನಿದ್ದೆ ಇರಲಿಲ್ಲ. ಅವರಿಗೆ ನಾನು ಹೇಳಿದ್ದು: ಇನ್ನೊಂದು ಬೆಳೆ ಬರುತ್ತೆ ಅಂತ ಸಮಾಧಾನ ಮಾಡಬೇಡಿ. ಏನಾಯಿತು ಅಂತ ಕೇಳಿ, ಅವನು ಹೇಳುವವರೆಗೆ ಕೇಳಿ. ಅವರು ಸ್ವಲ್ಪ ಯೋಚಿಸಿ, “ಅಂಗಮಾರಿ ಬಂದಾಗ ನಾವೂ ಹೊಲಕ್ಕೆ ಹೋಗಿ ಎಲೆ ತಿರುವಿ ನೋಡ್ತೀವಿ. ಹೊಲ ಬೈಯಲ್ಲ,” ಅಂದರು. ನಾನು ನಾಲ್ಕು ವಾರದಲ್ಲಿ ಹೇಳಲು ಹೆಣಗಿದ್ದನ್ನು ಅವರು ಎರಡು ಮಾತಿನಲ್ಲಿ ಮುಗಿಸಿದರು. ಆವತ್ತು ಅಪ್ಪ ಮಗ ಬಸ್‌ಸ್ಟ್ಯಾಂಡಿನವರೆಗೆ ನಡೆದುಕೊಂಡೇ ಹೋದರು.

ಇಂಥ ತಂಡಗಳಿಗೆ ಮಾರ್ಗದರ್ಶನ ಮಾಡುವ ಅಧ್ಯಾಪಕರಿಗೂ ಒಂದು ಮಾತು ಹೇಳಬೇಕು ಅನ್ನಿಸುತ್ತದೆ. ಸೋತು ಬಂದ ವಾರ ಮಕ್ಕಳನ್ನು ಕೂರಿಸಿಕೊಂಡು ಏನಾಯಿತು ಅಂತ ಶಾಂತವಾಗಿ ಕೇಳಿ, ಬರೆಯಿಸಿ. ಯಾರು ಅಂತ ಅಲ್ಲ, ಏನು ಅಂತ. ಗಾಡಿಯನ್ನು ಶೆಡ್ಡಿಗೆ ತಳ್ಳಿ ಪರೀಕ್ಷೆಗೆ ಓದಿಕೊಳ್ಳಿ ಅಂದರೆ, ತಪ್ಪು ಗೊತ್ತಿರುವ ಒಬ್ಬ ಹುಡುಗ ಅದನ್ನು ಒಬ್ಬನೇ ಹೊತ್ತುಕೊಂಡು ಮನೆಗೆ ಹೋಗುತ್ತಾನೆ. ಗೊತ್ತಿಲ್ಲ ಅಂದವರನ್ನು ನೋಡಿ ತರಗತಿ ನಗುವಾಗ ದಯವಿಟ್ಟು ತಡೆಯಿರಿ. ಆ ಒಂದು ನಗುವಿನ ಬೆಲೆ ಎರಡು ವರ್ಷ ಆದ ಮೇಲೆ ಇಪ್ಪತ್ತೈದು ಜನ ಕೊಟ್ಟರು.

ಒಟ್ಟು ಒಂಬತ್ತು ಭೇಟಿ. ಹಾಜರಿ ಕಡಿಮೆಯಾಗಿ ಒಂದು ವಿಷಯ ಮತ್ತೆ ಕಟ್ಟಬೇಕಾಯಿತು, ಅದನ್ನು ಮುಗಿಸಿದ. ನಿದ್ದೆ ಸರಿಯಾಯಿತು. ಇನ್ನೂ ಕೆಲವು ಸಲ ಸೆಮಿನಾರ್ ಹಿಂದಿನ ರಾತ್ರಿ ಹೊಟ್ಟೆ ತೊಳಸುತ್ತದೆ ಅನ್ನುತ್ತಾನೆ. ಮುಂದಿನ ವರ್ಷ ತಂಡ ಮತ್ತೆ ಹೋಗುತ್ತದೆ.

ಕೊನೆಯ ಸಲ ಬಂದಾಗ ಅವನು ಅರ್ಧ ಗಂಟೆ ತಡವಾಗಿ ಬಂದ. ಕೈ ತುಂಬ ಗ್ರೀಸ್. ಎರಡನೇ ವರ್ಷದ ಒಬ್ಬ ಹುಡುಗಿ ಎಲ್ಲ ಜೋಡಿಸಿ ಮುಗಿಸಿದ ಮೇಲೆ ಬಂದು, “ಅಣ್ಣ, ಹಿಂದಿನ ಬಲಗಡೆ ಬೋಲ್ಟ್ ನಾನು ಟೈಟ್ ಮಾಡಿದ್ನೋ ಇಲ್ವೋ ಡೌಟು” ಅಂದಳಂತೆ. ಎಲ್ಲರೂ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಆಗಿತ್ತು. ಮನು ಚಕ್ರ ಬಿಚ್ಚಿಸಿದ. ಬೋಲ್ಟ್ ಟೈಟಾಗಿಯೇ ಇತ್ತು.

“ಬಸ್ ಹೋಯ್ತು ಮೇಡಂ,” ಅಂದ. “ಆದ್ರೂ ಅವಳಿಗೆ ಥ್ಯಾಂಕ್ಸ್ ಹೇಳಿ ಬಂದೆ.”